ಅಜ್ಜಿಯ ಬೀಸುವ ಪದ, ಒಂದು ಮೈಕು, ಮೂರು ತಿಂಗಳ ಪರದಾಟ

ಅಜ್ಜಿಯ ಬೀಸುವ ಪದ ಚೆನ್ನಾಗಿ ರೆಕಾರ್ಡ್ ಮಾಡಬೇಕು ಅಂತ ಹೊರಟಿದ್ದೆ, ಮೊನ್ನೆ ಭಾನುವಾರಕ್ಕೆ ಈ ಕೆಲಸ ಮುಗಿಯಿತು. ಒಂದು ಸಾವಿರ ರೂಪಾಯಿಯ ಮೈಕು ಕೊಳ್ಳೋದಕ್ಕೆ ಮೂರು ತಿಂಗಳು ಬೇಕಾ ಅಂತ ಮನೆಯಲ್ಲಿ ಎಲ್ಲರೂ ನಕ್ಕರು. ಬೇಕಾಯಿತು. ಯಾಕೆ ಅಂತ ಬರೆದಿಡುತ್ತೇನೆ. ಮನೆಯವರ ಮಾತು, ಹಾಡು, ಅಡುಗೆ ಅಂತ ಫೋನಿನಲ್ಲೇ ವಿಡಿಯೊ ಮಾಡುವವರು ತುಂಬಾ ಜನ ಇದ್ದೀರಿ. ನಾನು ಕಳೆದ ದುಡ್ಡು ನೀವೂ ಕಳೆಯೋದು ಬೇಡ.

ನಮ್ಮೂರು ಧಾರವಾಡದಿಂದ ಸವದತ್ತಿ ಕಡೆ ಹೋಗುವ ದಾರಿಯಲ್ಲಿದೆ. ಅಜ್ಜಿಗೆ ಬೀಸುವ ಪದ ಚೆನ್ನಾಗಿ ಬರುತ್ತವೆ. ಮೂರು ಮೂರು ಸಾಲಿನ ತ್ರಿಪದಿಗಳು, ಎಷ್ಟು ಬರುತ್ತವೆ ಅಂತ ಅವಳಿಗೇ ಲೆಕ್ಕ ಇಲ್ಲ. ಕಳೆದ ದೀಪಾವಳಿಗೆ ಹೋದಾಗ ಮೂಲೆಯಲ್ಲಿದ್ದ ಬೀಸುಕಲ್ಲು ಎಳೆದು, ಒಂದು ಸೇರು ಜೋಳ ಹಾಕಿ ಕೂರಿಸಿ, ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಬಂದಿದ್ದೆ. ಬೆಂಗಳೂರಿಗೆ ಬಂದು ಕೇಳಿದರೆ ಬರೀ ಗರ್‍ರ್ ಗರ್‍ರ್. ಅಜ್ಜಿಯ ದನಿ ಬಾವಿಯೊಳಗಿಂದ ಬಂದ ಹಾಗೆ ಹಿಂದೆ ಎಲ್ಲೋ ಕೇಳುತ್ತಿತ್ತು. ಚಿತ್ರ ಮಾತ್ರ ಬಹಳ ಚಂದ ಬಂದಿತ್ತು. ಚಿತ್ರ ಚಂದ ಇದ್ದು ಮಾತು ಕೇಳದಿದ್ದರೆ ಎಷ್ಟು ಹೊಟ್ಟೆ ಉರಿಯುತ್ತೆ ಅನ್ನೋದು ಅವತ್ತು ಗೊತ್ತಾಯಿತು.

ಮೊದಲ ಮೂರು ವಾರ ಸುಮ್ನೆ ವಿಡಿಯೊ ನೋಡೋದರಲ್ಲೇ ಹೋಯಿತು. ಮೈಕಿನ ಬಗ್ಗೆ ಒಂದು ವಿಡಿಯೊ ನೋಡಿದರೆ ಅದು ಇನ್ನು ಹತ್ತು ತೋರಿಸುತ್ತೆ. ರೋಡ್, ಡಿಜೆಐ, ಹಾಲಿಲ್ಯಾಂಡ್, ಝೂಮ್, ಟ್ಯಾಸ್ಕಮ್ ಅಂತ ಹೆಸರು ಬಾಯಿಪಾಠ ಆದವು. ಒಂದು ರಾತ್ರಿ ಆನ್‌ಲೈನ್ ಅಂಗಡಿಯ ಬುಟ್ಟಿ ನೋಡಿದರೆ ₹32,000 ದಾಟಿತ್ತು! ನನ್ನ ಫೋನೇ ₹17,000ದ್ದು. ಎಲ್ಲಾ ತೆಗೆದು ಹಾಕಿ, ₹5,000 ಮೀರಬಾರದು ಅಂತ ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬಟ್ಟೆಗೆ ಸಿಕ್ಕಿಸುವ ಪುಟಾಣಿ ವೈರ್‌ಲೆಸ್ ಮೈಕು, ರಿಸೀವರನ್ನು ಫೋನಿನ ಟೈಪ್-ಸಿಗೆ ಚುಚ್ಚಿದರೆ ಆಯಿತು, ₹899. ಆನ್‌ಲೈನಿನಲ್ಲಿ ತರಿಸಿದೆ. ಹೆಸರಿಲ್ಲದ ಕಂಪನಿ. ಮಾತಾಡಿದರೆ ಪರವಾಗಿಲ್ಲ ಅನಿಸಿತು. ಆದರೆ ಮಿಕ್ಸಿ ಹಾಕಿ ಪಕ್ಕದಲ್ಲಿ ಕೂತು ರಾಗ ಎಳೆದರೆ ದನಿ ತುಂಡು ತುಂಡಾಗಿ ಬರುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಅದರೊಳಗೆ ಗದ್ದಲ ಕಡಿಮೆ ಮಾಡುವ ಒಂದು ವ್ಯವಸ್ಥೆ ಇರುತ್ತೆ. ಒಂದೇ ಸಮನೆ ಬರುವ ಸದ್ದನ್ನೆಲ್ಲ ಅದು ಗದ್ದಲ ಅಂತ ತಿಳಿದು ಕತ್ತರಿಸುತ್ತೆ. ಫ್ಯಾನಿನ ಸದ್ದು ಹೋಗುತ್ತೆ ನಿಜ, ಅದರ ಜೊತೆ ಎಳೆದು ಹಾಡುವ ರಾಗದ ಬಾಲವೂ ಹೋಗುತ್ತೆ. ಮಾತಿಗೆ ನಡೆಯುತ್ತೆ, ಹಾಡಿಗೆ ನಡೆಯಲ್ಲ. ಕೆಲವು ಮೈಕುಗಳಲ್ಲಿ ಅದನ್ನು ಆಫ್ ಮಾಡುವ ಗುಂಡಿ ಇರುತ್ತೆ. ನನ್ನದರಲ್ಲಿ ಇರಲಿಲ್ಲ.

ವಾಪಸ್ ಕಳಿಸೋಣ ಅಂದರೆ ಏಳು ದಿನದ ಗಡುವು. ನಾನು ಡಬ್ಬಿ ಒಡೆದಿದ್ದೇ ಒಂಬತ್ತನೇ ದಿನ, ಆಫೀಸಿನ ಕೆಲಸದಲ್ಲಿ ಮರೆತಿದ್ದೆ. ಮಾರಿದವರಿಗೆ ಬರೆದರೆ ಡಬ್ಬಿ ಒಡೆಯುವ ವಿಡಿಯೊ ಕಳಿಸಿ ಅಂದರು. ಡಬ್ಬಿ ಒಡೆಯೋದನ್ನು ಯಾರಾದರೂ ವಿಡಿಯೊ ಮಾಡ್ತಾರಾ? ಈಗ ಮಾಡ್ತೇನೆ. ನೀವೂ ಮಾಡಿ. ಡಬ್ಬಿಯ ಮೇಲಿನ ನಂಬರು ಕಾಣುವ ಹಾಗೆ, ಕತ್ತರಿ ಇಡೋದರಿಂದ ಹಿಡಿದು ಸಾಮಾನು ಆನ್ ಮಾಡುವವರೆಗೆ ಒಂದೇ ತುಂಡಿನಲ್ಲಿ. ಹದಿನೆಂಟು ದಿನ ಮೇಲ್ ಆಡಿ ಕೊನೆಗೆ ಬದಲಿ ಮೈಕು ಕಳಿಸಿದರು. ಅದೂ ಅದೇ ಥರ. ಈಗ ಅದನ್ನು ಅಣ್ಣನ ಮಗ ಕ್ರಿಕೆಟ್ ಕಾಮೆಂಟರಿ ಆಟಕ್ಕೆ ಇಟ್ಟುಕೊಂಡಿದ್ದಾನೆ.

ಇಷ್ಟಾದ ಮೇಲೆ ಒಂದು ಶನಿವಾರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಕೆ.ಆರ್. ಮಾರ್ಕೆಟ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಅಲ್ಲಿ ಹತ್ತು ಅಂಗಡಿ ಕೇಳದೆ ಏನೂ ಕೊಳ್ಳಬೇಡಿ. ಒಂದೇ ಸಾಮಾನಿಗೆ ಮೂರು ಬೆಲೆ ಕೇಳಿದೆ. ‘ಬಿಲ್ ಬೇಕಾ, ಬೇಡ್ವಾ?’ ಅಂತ ಮೊದಲೇ ಕೇಳ್ತಾರೆ. ಬೇಡ ಅಂದರೆ ನೂರಿನ್ನೂರು ಕಡಿಮೆ. ನಾನು ಬಿಲ್ ಹಾಕಿಸಿಕೊಂಡೆ. ಮೈಕಿಗೆ ಜಿಎಸ್‌ಟಿ ಶೇ 18. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳೋಕೆ ಬಾಯಿ ಇರಲ್ಲ.

ನಾಲ್ಕನೇ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಯಜಮಾನರು ಸಿಕ್ಕಿದರು. ನಾನು ಕಥೆಯೆಲ್ಲ ಹೇಳಿದೆ. ಅವರು ಎದ್ದು ಬಂದು ನನ್ನ ಗದ್ದದಿಂದ ಎದೆಯವರೆಗೆ ಗೇಣು ಹಾಕಿ ತೋರಿಸಿದರು. ‘ನೋಡಿ ಸರ್, ಮೈಕು ಇಷ್ಟು ಹತ್ತಿರ ಇದ್ದರೆ ಸಾವಿರ ರೂಪಾಯಿದು ಸಾಕು. ಅಷ್ಟು ದೂರ ಇದ್ದರೆ ಲಕ್ಷ ರೂಪಾಯಿದೂ ಸಾಲಲ್ಲ.’ ಇಷ್ಟು ಹೇಳಿ ಅವರು ಕೊಟ್ಟಿದ್ದು ಬೋಯಾ ಬಿವೈ-ಎಮ್1. ವೈರ್ ಇರುವ ಕಾಲರ್ ಮೈಕು, ವೈರು 6 ಮೀಟರ್ ಉದ್ದ. ₹850 ಕೊಟ್ಟೆ.

ಮನೆಗೆ ಬಂದು ಅವರ ಮಾತು ನಿಜವಾ ಅಂತ ನೋಡಿದೆ. ಒಂದೇ ವಾಕ್ಯವನ್ನು ಮೈಕಿನಿಂದ ಒಂದು ಗೇಣು, ಒಂದು ಮೊಳ, ಒಂದು ಮಾರು ದೂರದಲ್ಲಿ ಹೇಳಿ ರೆಕಾರ್ಡ್ ಮಾಡಿದೆ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ದನಿ 6 ಡೆಸಿಬಲ್ ಇಳಿಯುತ್ತೆ, ಆದರೆ ಕೋಣೆಯ ಗೋಡೆಗೆ ಬಡಿದು ಬರುವ ಸದ್ದು ಹಾಗೇ ಉಳಿಯುತ್ತೆ. ಅದಕ್ಕೇ ಬಾವಿಯೊಳಗಿನ ದನಿ. ಗೇಣಿನಲ್ಲಿ ನನ್ನ ದನಿ ನನ್ನದೇ. ಮಾರು ದೂರಕ್ಕೆ ಅದು ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟು. ಮೂರು ವಾರ ವಿಡಿಯೊ ನೋಡಿ ಕಲಿಯದ್ದನ್ನು ಮೂರು ನಿಮಿಷದಲ್ಲಿ ಕಲಿತೆ.

ಆದರೆ ಈ ಮೂರು ನಿಮಿಷಕ್ಕೆ ಮೊದಲು ಇನ್ನೊಂದು ವಾರ ಹೋಗಿತ್ತು, ಅದನ್ನು ಹೇಳಲೇಬೇಕು. ಈ ಮೈಕಿನ ಪಿನ್ನು ಚುಚ್ಚೋಕೆ ನನ್ನ ಫೋನಿನಲ್ಲಿ ಹೆಡ್‌ಫೋನಿನ ತೂತೇ ಇಲ್ಲ! ಅಂಗಡಿಯಲ್ಲಿ ನಿಂತಾಗ ಇದು ತಲೆಗೇ ಹೊಳೆಯಲಿಲ್ಲ. ಮನೆ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ₹150ಕ್ಕೆ ಟೈಪ್-ಸಿ ಕನ್ವರ್ಟರ್ ತಂದೆ. ಹಾಡು ಕೇಳುತ್ತೆ, ಮೈಕು ತಗೊಳ್ಳಲ್ಲ. ಈ ಕನ್ವರ್ಟರುಗಳಲ್ಲಿ ಎರಡು ಥರ ಇವೆ. ಒಂದರೊಳಗೆ ಬರೀ ತಂತಿ, ಅದು ಕೆಲವೇ ಫೋನುಗಳಿಗೆ ಆಗುತ್ತೆ. ಇನ್ನೊಂದರೊಳಗೆ ಸಣ್ಣ ಚಿಪ್ ಇರುತ್ತೆ. ಚಿಪ್ ಇರೋದೇ ಬೇಕು, ಅದರಲ್ಲೂ ಮೈಕು ಸಪೋರ್ಟ್ ಇದೆ ಅಂತ ಬರೆದಿರಬೇಕು. ಅದಕ್ಕೆ ₹649 ಆಯಿತು. ಇನ್ನೊಂದು ವಿಷಯ: ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ. ಮೂರು ಇದ್ದರೆ ಫೋನಿನದು, ಎರಡಿದ್ದರೆ ಕ್ಯಾಮೆರಾದ್ದು. ಬೋಯಾದ ಪಿನ್ನಿಗೆ ಮೂರಿವೆ. ಅದರ ನಡುವಿನ ಡಬ್ಬಿಯಲ್ಲಿ ಒಂದು ಸ್ವಿಚ್ ಇದೆ, ಫೋನಿಗೆ ಹಾಕಿದಾಗ ಸ್ಮಾರ್ಟ್‌ಫೋನ್ ಕಡೆ ಇರಬೇಕು. ಕ್ಯಾಮೆರಾ ಕಡೆ ಇಟ್ಟರೆ ಒಳಗಿನ ಎಲ್ಆರ್44 ಸೆಲ್ ಖರ್ಚಾಗುತ್ತೆ. ಕ್ಯಾಮೆರಾದವರು ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ, ಬ್ಯಾಗಿನಲ್ಲೇ ಸೆಲ್ ಸಾಯುತ್ತೆ.

ಇಷ್ಟಾದರೂ ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಹೊರಗಿನ ಮೈಕನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಓಪನ್ ಕ್ಯಾಮೆರಾ ಅನ್ನುವ ಪುಕ್ಕಟೆ ಆ್ಯಪ್ ಹಾಕಿ, ಆಡಿಯೊ ಸೋರ್ಸ್‌ನಲ್ಲಿ ಹೊರಗಿನ ಮೈಕು ಆರಿಸಿದ ಮೇಲೆ ಸರಿ ಹೋಯಿತು. ಯಾವ ಮೈಕು ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ಸುಲಭ ಉಪಾಯ ಇದೆ. ರೆಕಾರ್ಡ್ ಹಾಕಿ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಗೀರಿ. ಮತ್ತೆ ಕೇಳಿದಾಗ ಕರಕರ ಅಂತ ಜೋರಾಗಿ ಬಂದರೆ ಅದೇ ಮೈಕು. ಬರದಿದ್ದರೆ ಫೋನಿನ ಮೈಕೇ ನಡೀತಿದೆ ಅಂತ ಅರ್ಥ. ಪ್ರತಿ ಸಲ ಗೀರಿ. ಒಂದು ಸಲ ಗೀರದೆ ಏನಾಯಿತು ಅಂತ ಮುಂದೆ ಹೇಳ್ತೇನೆ.

ಊರಿಗೆ ಫೋನ್ ಮಾಡಿ ಬರ್ತೇನೆ ಅಂದರೆ ಅಜ್ಜಿ ಹೊಸ ತಕರಾರು ತೆಗೆದಳು. ಒಬ್ಬಳೇ ಬೀಸಲ್ಲ, ಪಕ್ಕದ ಮನೆ ಆಯಿಯನ್ನೂ ಕರೀತೇನೆ, ಇಬ್ಬರು ಕೂತರೇನೇ ಪದ ನೆನಪಾಗೋದು ಅಂತ. ಅವಳು ಹೇಳೋದೂ ಸರಿ. ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸ್ತಾರೆ, ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡೀತಾರೆ. ಒಂದು ಕಾಲರ್ ಮೈಕಿನಲ್ಲಿ ಇಬ್ಬರನ್ನು ಹೇಗೆ ಹಿಡಿಯೋದು? ಎರಡು ದಿನಕ್ಕೆ ಒಂದು ಝೂಮ್ ಎಚ್1ಎನ್, ಅಂದರೆ ಮೈಕು ಒಳಗೇ ಇರುವ ಅಂಗೈಯಗಲದ ರೆಕಾರ್ಡರ್, ಬಾಡಿಗೆಗೆ ತಗೊಂಡೆ. ಬಾಡಿಗೆ ₹700, ಡಿಪಾಸಿಟ್ ₹5,000.

ಬಾಡಿಗೆ ಅಂಗಡಿಯ ಕಾಗದಪತ್ರ ಸಣ್ಣದಲ್ಲ. ಆಧಾರ್, ಆಫೀಸಿನ ಐಡಿ ಕಾರ್ಡ್, ಈಗಿರುವ ಮನೆಯ ವಿಳಾಸಕ್ಕೆ ಕರೆಂಟ್ ಬಿಲ್ಲು. ಕರೆಂಟ್ ಬಿಲ್ಲು ಮನೆ ಮಾಲೀಕರ ಹೆಸರಿನಲ್ಲಿದೆ, ಆಗಲ್ಲ ಅಂದರು. ಬಾಡಿಗೆ ಕರಾರುಪತ್ರ ತರೋಕೆ ಮತ್ತೆ ಮನೆಗೆ ಹೋಗಿ ಬಂದೆ, ಅರ್ಧ ದಿನ ಹೋಯಿತು. ನೀವು ಹೋಗುವಾಗ ಎಲ್ಲಾ ಒಟ್ಟಿಗೆ ಹಿಡಿದುಕೊಂಡು ಹೋಗಿ. ಮೂಲ ಆಧಾರ್ ಕಾರ್ಡನ್ನು ಅಲ್ಲಿ ಬಿಟ್ಟು ಬರಬೇಡಿ. ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್, ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲೇ ಸಿಗುತ್ತೆ, ಅದರ ಪ್ರಿಂಟ್ ಕೊಟ್ಟೆ, ಮೇಲೆ ‘ರೆಕಾರ್ಡರ್ ಬಾಡಿಗೆಗೆ ಮಾತ್ರ’ ಅಂತ ತಾರೀಕು ಹಾಕಿ ಬರೆದೆ. ರೆಕಾರ್ಡರಿನ ಮೇಲೆ ಮೊದಲೇ ಇದ್ದ ಎರಡು ಗೀರುಗಳ ಫೋಟೊ ಅವರ ಎದುರಿಗೇ ತೆಗೆದುಕೊಂಡೆ. ಇದು ಡಬ್ಬಿ ಒಡೆಯುವ ವಿಡಿಯೊ ಕಲಿಸಿದ ಪಾಠ.

ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಧಾರವಾಡದಲ್ಲಿ ಇಳಿದೆ. ಅಲ್ಲೇ ಚಹಾ ಕುಡಿಯುತ್ತಾ ರೆಕಾರ್ಡರಿಗೆ ನನ್ನ 128 ಜಿಬಿ ಕಾರ್ಡ್ ಹಾಕಿದರೆ ತಗೊಳ್ಳಲಿಲ್ಲ. ಅದಕ್ಕೆ 32 ಜಿಬಿವರೆಗಿನ ಮೈಕ್ರೊ ಎಸ್‌ಡಿ ಮಾತ್ರ ಆಗುತ್ತೆ. ಅಂಗಡಿ ಬಾಗಿಲು ತೆಗೆಯೋವರೆಗೂ, ಅಂದರೆ ಹತ್ತು ಗಂಟೆವರೆಗೂ ಕಾದು ಕೂತು, ₹350ಕ್ಕೆ ಕಾರ್ಡ್ ಕೊಂಡು ಊರಿಗೆ ಹೋಗೋ ಹೊತ್ತಿಗೆ ಮಧ್ಯಾಹ್ನ.

ಊರಲ್ಲಿ ಮೊದಲ ಕೆಲಸ ಕೋಣೆ ಹುಡುಕೋದು. ಪಡಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಠಣ್ ಅಂತ ಮರುದನಿ ಬಂತು, ಹೋದ ವರ್ಷ ಟೈಲ್ಸ್ ಹಾಕಿಸಿದ್ದಾರೆ. ಹಳೇ ಅಡುಗೆಮನೆಗೆ ಇನ್ನೂ ಮಣ್ಣಿನ ಗೋಡೆ ಇದೆ, ಅಲ್ಲಿ ಚಪ್ಪಾಳೆ ಚಪ್ಪಗೆ ಸತ್ತು ಹೋಯಿತು. ಸರಿ, ಅಲ್ಲೇ. ಕಿಟಕಿಗೆ ಒಂದು, ಬಾಗಿಲಿಗೆ ಒಂದು, ಕ್ಯಾಮೆರಾಕ್ಕೆ ಕಾಣದ ಗೋಡೆಗೆ ಎರಡು ಕೌದಿ ಕಟ್ಟಿದೆ. ಸ್ಟುಡಿಯೊದವರು ಗೋಡೆಗೆ ಅಂಟಿಸುವ ಫೋಮು ದುಡ್ಡು ಕೊಟ್ಟು ತರ್ತೀವಲ್ಲ, ನಾಲ್ಕು ಪದರದ ಹಳೇ ಕೌದಿಯ ಮುಂದೆ ಅದು ಏನೂ ಅಲ್ಲ. ಬೀಸುಕಲ್ಲಿನ ಕೆಳಗೆ ಗೋಣಿಚೀಲ ಮಡಿಸಿ ಹಾಕಿದೆ. ಕಲ್ಲಿನ ಗುಡುಗುಡು ನೆಲಕ್ಕೆ ಇಳಿಯೋದು ಅರ್ಧ ಕಡಿಮೆ ಆಯಿತು.

ಅಜ್ಜಿಗೆ ಮೈಕು ಹಚ್ಚೋದು ಎಲ್ಲಿ? ಎದೆಯ ಮೇಲೆ ಸೀರೆಗೆ ಸಿಕ್ಕಿಸಿದೆ. ಅವಳು ಬಗ್ಗಿದಾಗೆಲ್ಲ ಮೈಕು ಕಲ್ಲಿನ ಕಡೆ ಹೋಗುತ್ತೆ, ಬಾಯಿಂದ ದೂರ ಆಗುತ್ತೆ. ಮೇಲಿಂದ ತಾಳಿಯ ಗುಂಡು ಟಕ್ ಟಕ್ ಬಡಿಯುತ್ತೆ. ಹೆಗಲಿಗೆ ಹಾಕಿದರೆ ಇಳಕಲ್ ಸೀರೆಯ ಸರಸರ. ಆಮೇಲೆ ಅವಳ ತಲೆ ಮೇಲಿನ ಸೆರಗು ಕಣ್ಣಿಗೆ ಬಿತ್ತು. ಸೆರಗಿನ ಅಂಚಿನ ಒಳಗೆ, ಕಪಾಳದ ಹತ್ತಿರ, ಮೆಡಿಕಲ್ ಶಾಪಿನ ಪೇಪರ್ ಟೇಪಿನಿಂದ ಅಂಟಿಸಿದೆ. ಅವಳು ಎಷ್ಟು ಬಗ್ಗಲಿ, ತಿರುಗಲಿ, ಬಾಯಿಗೂ ಮೈಕಿಗೂ ಅದೇ ಅರ್ಧ ಗೇಣು. ವೈರನ್ನು ಬೆನ್ನ ಹಿಂದೆ ಇಳಿಸಿದೆ. ಆರು ಮೀಟರ್ ಯಾಕೆ ಬೇಕು ಅಂತ ಆಗ ತಿಳಿಯಿತು.

ಅಜ್ಜಿ ಕನ್ನಡಿ ತರಿಸಿ ನೋಡಿಕೊಂಡಳು. ‘ಏನೋ ತಮ್ಮಾ, ಎಮ್ಮಿಗೆ ಉಣ್ಣಿ ಹತ್ತಿದಂಗ ಹಚ್ಚೀದಿಯಲ್ಲೋ!’ ಅವತ್ತಿನಿಂದ ಮೈಕಿನ ಹೆಸರು ಉಣ್ಣಿ.

ಶನಿವಾರ ಸಂಜೆ ಮೊದಲ ಸಲ ಕೂತರು. ಅಜ್ಜಿ ದನಿ ಎತ್ತಿದ್ದೇ ತಡ, ಎರಡು ಮನೆ ಆಚೆಯ ಹಿಟ್ಟಿನ ಗಿರಣಿ ಶುರುವಾಯಿತು. ಡಗ ಡಗ ಡಗ. ಕೌದಿ ದಾಟಿ ಬರುತ್ತೆ. ಕೈಯಲ್ಲಿ ಬೀಸೋದನ್ನು ಊರಲ್ಲಿ ನಿಲ್ಲಿಸಿದ್ದೇ ಆ ಗಿರಣಿ, ಈಗ ಅದರ ಹಾಡನ್ನೂ ಬಿಡಲ್ಲ ಅಂತ ಕೂತಿದೆ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಜ್ಜಿಗೆ ನನ್ನ ಚಿಂತೆಯೇ ವಿಚಿತ್ರ ಅನಿಸಿತು. ‘ನಾವು ಬೀಸ್ತಿದ್ದಿದ್ದ ನಸುಕಿನ್ಯಾಗ. ಹಗಲೊತ್ತು ಯಾರ ಬೀಸ್ತಾರ? ನಾಕೂವರಿಗೆ ಏಳು.’

ನಾಲ್ಕೂವರೆಗೆ ಎದ್ದೆ. ಗಿರಣಿ ಇಲ್ಲ, ಬಸ್ಸಿಲ್ಲ, ಟ್ರ್ಯಾಕ್ಟರ್ ಇಲ್ಲ. ಕರೆಂಟೂ ಇರಲಿಲ್ಲ, ಹಾಗಾಗಿ ಫ್ರಿಜ್ಜಿನ ಗುಂಯ್ ಕೂಡ ಇಲ್ಲ. ಬೆಳಕಿಗೆ ಒಂದು ಚಾರ್ಜಿಂಗ್ ದೀಪ. ರೆಕಾರ್ಡರನ್ನು ತೊಲೆಗೆ ಹಗ್ಗ ಕಟ್ಟಿ ಇಬ್ಬರ ತಲೆಯ ನಡುವೆ, ಚಿತ್ರದಲ್ಲಿ ಕಾಣದಷ್ಟು ಮೇಲೆ, ಇಬ್ಬರ ಬಾಯಿಗೂ ಸುಮಾರು ಒಂದು ಮೊಳ ಬರುವ ಹಾಗೆ ಇಳಿಬಿಟ್ಟೆ. ದನಿಯ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಅಂತ ಇಟ್ಟೆ, ವಿಡಿಯೊಗೆ 48 ಇರೋದೇ ಸರಿ. ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೊ ಲೆವೆಲ್ ಆಫ್ ಮಾಡಿ. ಆನ್ ಇದ್ದರೆ ಹಾಡು ನಿಂತ ಕೂಡಲೇ ಅದು ಕಲ್ಲಿನ ಸದ್ದನ್ನು ಮೇಲೆ ಎಳೆಯುತ್ತೆ. ಕೈಯಲ್ಲೇ ಮಟ್ಟ ಇಡಿ, ಎಲ್ಲಕ್ಕಿಂತ ಜೋರಾದ ಕಡೆ ಮೀಟರು ಮೈನಸ್ 12 ಡೆಸಿಬಲ್ ಹತ್ತಿರ ಬರಲಿ. ಜೋರಾದ ಕಡೆ ಅಂದರೆ ಹಾಡು, ಮಾತಲ್ಲ. ಮಾತಾಡಿಸಿ ಮಟ್ಟ ಇಟ್ಟರೆ ಹಾಡಿದಾಗ ದನಿ ಒಡೆಯುತ್ತೆ. ಅಜ್ಜಿ ಮಾತಾಡೋದು ಪಿಸುಪಿಸು, ಹಾಡಿದರೆ ಓಣಿ ಎದ್ದೇಳುತ್ತೆ.

ಶುರುವಿಗೆ ಒಂದು ಚಪ್ಪಾಳೆ ತಟ್ಟಿದೆ. ಫೋನಿನ ವಿಡಿಯೊ, ರೆಕಾರ್ಡರಿನ ದನಿ ಎರಡನ್ನೂ ಆಮೇಲೆ ಹೊಂದಿಸೋಕೆ ಅದೇ ಗುರುತು. ಇಬ್ಬರೂ ಶುರು ಮಾಡಿದರು. ಮೊದಮೊದಲು ನಾಚಿಕೆ, ಒಂದು ಸಾಲು ಹಾಡಿ ನಗೋದು. ಐದನೇ ಪದಕ್ಕೆ ನಾನು ಅಲ್ಲಿರೋದನ್ನೇ ಮರೆತರು. ಕಲ್ಲು ಒಂದು ಸುತ್ತು ಬಂದಾಗ ರಾಗ ಎಲ್ಲಿ ಇಳಿಯುತ್ತೆ, ಕಾಳು ಹಾಕೋಕೆ ಕೈ ಬಿಟ್ಟಾಗ ಯಾವ ಅಕ್ಷರ ಎಳೀತಾರೆ, ಹೆಡ್‌ಫೋನಿನಲ್ಲಿ ಒಂದೊಂದೂ ಬೇರೆ ಬೇರೆ ಕೇಳುತ್ತಿತ್ತು. ಕೈಬಳೆಗಳು ಗೂಟಕ್ಕೆ ತಾಗುವ ಸದ್ದೂ ಇತ್ತು. ಬಳೆ ತೆಗೀರಿ ಅಂತ ಕೇಳಬೇಕು ಅಂದುಕೊಂಡಿದ್ದೆ. ಕೇಳದಿದ್ದದ್ದು ಒಳ್ಳೇದೇ ಆಯಿತು.

ಎರಡನೇ ಸುತ್ತಿನಲ್ಲಿ ಎಡವಟ್ಟು. ಅಜ್ಜಿ ನೀರು ಕುಡಿಯೋಕೆ ಎದ್ದಾಗ ವೈರು ಜಗ್ಗಿ ಕನ್ವರ್ಟರ್ ಸಡಿಲ ಆಗಿತ್ತು. ನಾನು ಉಗುರಿನಿಂದ ಗೀರಿ ನೋಡಲಿಲ್ಲ. ಹದಿನೇಳು ನಿಮಿಷ ಫೋನಿನ ಮೈಕಿನಲ್ಲೇ ಹೋಯಿತು. ಮೇಲೆ ರೆಕಾರ್ಡರ್ ಇಲ್ಲದಿದ್ದರೆ ಅಷ್ಟೂ ಪದ ಹೋಗ್ತಿದ್ದವು. ಮೂರನೇ ಸುತ್ತಿನಲ್ಲಿ ನನ್ನ ಫೋನಿಗೇ ಕರೆ ಬಂದು ರೆಕಾರ್ಡಿಂಗ್ ನಿಂತಿತು. ಬೆಳಿಗ್ಗೆ ಆರಕ್ಕೆ ಅಪ್ಪ, ಪಕ್ಕದ ಕೋಣೆಯಿಂದ, ‘ಚಹಾ ಮಾಡ್ಲೇನು?’ ಅಂತ! ಫ್ಲೈಟ್ ಮೋಡ್ ಹಾಕಿ.

ಊರು ಬಿಡುವ ಮೊದಲೇ ಎಲ್ಲವನ್ನೂ ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿದೆ. ಬೆಂಗಳೂರಿಗೆ ಬಂದು ವಿಡಿಯೊ ಎಡಿಟ್ ಮಾಡುವ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿಯಲ್ಲಿ ಚಪ್ಪಾಳೆ ನೋಡಿ ಜೋಡಿಸಿದೆ. ದನಿ ತಿದ್ದುವ ಆಡಾಸಿಟಿಯಲ್ಲಿ ಹೈ-ಪಾಸ್ ಫಿಲ್ಟರ್ ಹಾಕಿ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನು ಇಳಿಸಿದೆ, ಕಲ್ಲಿನ ಗುಡುಗು ಹೋಗಿ ಉಜ್ಜುವ ಸದ್ದು ಮಾತ್ರ ಉಳಿಯಿತು. ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಅಷ್ಟು ಒದ್ದಾಡಿ ಹಚ್ಚಿದ ಉಣ್ಣಿಗಿಂತ ತೊಲೆಗೆ ನೇತು ಹಾಕಿದ ರೆಕಾರ್ಡರೇ ಇಬ್ಬರ ಹಾಡಿಗೆ ಚೆನ್ನಾಗಿ ಕೆಲಸ ಮಾಡಿತು. ಒಬ್ಬರೇ ಕೂತು ಮಾತಾಡೋದಾದರೆ ಉಣ್ಣಿ ಸಾಕು, ಅಜ್ಜಿ ಆಮೇಲೆ ಪದಗಳ ಅರ್ಥ ಹೇಳಿದ ಭಾಗಕ್ಕೆ ಅದನ್ನೇ ಬಳಸಿದೆ.

ಖರ್ಚು ಕೂಡಿಸಿದರೆ ₹3,638, ಪೇಪರ್ ಟೇಪಿನ ₹40 ಸೇರಿ, ಬಸ್ ಚಾರ್ಜು ಬಿಟ್ಟು. ಅದರಲ್ಲಿ ₹1,049 ನೀರಿಗೆ ಹೋಯಿತು, ಮೊದಲ ಮೈಕು ಮತ್ತು ಮೊದಲ ಕನ್ವರ್ಟರ್. ಡಿಪಾಸಿಟ್ ವಾಪಸ್ ಬರೋಕೆ ನಾಲ್ಕು ದಿನ ತಗೊಂಡಿತು. ಗೀರು ಹೊಸದು ಅಂದರು, ಫೋಟೊ ತೋರಿಸಿದೆ, ಸುಮ್ಮನಾದರು.

ನಿನ್ನೆ ಅಜ್ಜಿ ಫೋನ್ ಮಾಡಿದ್ದಳು. ಪಕ್ಕದ ಓಣಿಯ ಇನ್ನಿಬ್ಬರು ಬರ್ತಾರಂತೆ. ‘ನಿನ್ನ ಉಣ್ಣಿ ಇನ್ನೊಂದು ತಗೊಂಡ ಬಾ’ ಅಂದಳು. ನಾಲ್ಕು ಜನಕ್ಕೆ ಆ ತೊಲೆ ಸಾಲಲ್ಲ, ಏನು ಮಾಡೋದು ಅಂತ ಯೋಚನೆ ಮಾಡ್ತಿದ್ದೇನೆ.